ಕೊನೆಯ ಕಂತಿಗೆ ಆ ಹುಡುಗ ಬಂದನೇ

ಯಲಹಂಕ
೧೦-೧೧-೧೯೮೭, ಮಂಗಳವಾರ

ಪ್ರೀತಿಯ ಸಂಗವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ರತ್ನವ್ವ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಅವಳಿಗೆ ಪ್ರಯಾಣ ಬೇಡವೆಂದು ಡಾಕ್ಟರು ಅಂದದ್ದರಿಂದ ಮಗಳ ಬಾಣಂತನಕ್ಕೆ ನೀನೇ ಗದಗಿಗೆ ಹೋಗಬೇಕಾಯಿತು. ಕೂಸು ಮಲಗಿದಾಗ ನೀನೂ ಒಂದಿಷ್ಟು ಅಡ್ಡಾಗು. ನಾನು ಆರೋಗ್ಯವಾಗಿದ್ದೇನೆ. ಮಧ್ಯಾಹ್ನ ಫ್ಯಾಕ್ಟರಿ ಕ್ಯಾಂಟೀನಿನ ಊಟ, ಸಂಜೆಗೆ ರೊಟ್ಟಿ ನಾನೇ ಬಡಿಯುತ್ತೇನೆ. ಯಾವ ಆಕಾರದಲ್ಲಿ ಎಂದು ಕೇಳಬೇಡ.

ಈ ಕಾಗದವನ್ನು ಭಾನುವಾರವೇ ಶುರುಮಾಡಿದ್ದೆ. ಎರಡು ಸಲ ಹರಿದು ಹಾಕಿದೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯುವುದಿಲ್ಲ. ನಿನ್ನೆ ಶಿಫ್ಟು ಮುಗಿಸಿ ಮನೆಗೆ ಬಾರದೆ ಬಾಗಲೂರು ರಸ್ತೆಯಲ್ಲಿ ಸುಮ್ಮನೆ ನಡೆದು, ಕಾಲು ಸೋತ ಮೇಲೆ ಬಸ್ಸು ಹಿಡಿದು ಬಂದೆ. ನಿನ್ನ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಸಾಲು: "ಸೀರಿಯಲ್ಲು ಮುಗೀತೈತಂತಲ್ರಿ, ಕೊನೀಗೆ ಆ ಹುಡುಗ ಮನಿಗೆ ಬಂದನೇನು, ಬರೀರಿ." ಅದಕ್ಕೆ ಉತ್ತರ ಬರೆಯಲು ಇಷ್ಟು ಒದ್ದಾಟ.

ಒಂದೂವರೆ ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮಂಚದ ಮೇಲೆ ಕೂತು ಆ ಹಿಂದಿ ಸೀರಿಯಲ್ಲು ನೋಡಿದೆವು. ನಿನಗೆ ಹಿಂದಿ ಬಾರದು. ಫ್ಯಾಕ್ಟರಿಯಲ್ಲಿ ಕಲಿತ ಹರಕುಮುರುಕು ಹಿಂದಿ ಇಟ್ಟುಕೊಂಡು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಮ್ಮ ಮಗ ವೀರಬಸು ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತೆಂದರೆ ಅದೊಂದೇ ಅಲ್ಲವೇ? ಉಳಿದ ಆರು ದಿನ ನಳದಲ್ಲಿ ನೀರು ಬಂತು, ಸಾರಿಗೆ ಉಪ್ಪು ಸಾಲದು, ಇಷ್ಟೇ. ಮೂರು ವರ್ಷದಲ್ಲಿ ಅವನ ಹೆಸರನ್ನು ನಾನೂ ಎತ್ತಲಿಲ್ಲ, ನೀನೂ ಎತ್ತಲಿಲ್ಲ.

ಹೀಗಿರುವಾಗ ಆಷಾಢದಲ್ಲಿ ಒಂದು ಭಾನುವಾರ ಸೀರಿಯಲ್ಲಿನ ಆ ಮನೆಗೆ ಟೆಲಿಗ್ರಾಮು ಬಂತು, ತಾಯಿ ನೆಲಕ್ಕೆ ಕುಸಿದಳು. ಅವಳ ಕಿರಿಯ ಮಗ ಲಾರಿಗೆ ಸಿಕ್ಕಿ ಸತ್ತಿದ್ದ. ನೀನು ನನ್ನ ಮುಖ ನೋಡಿ "ಏನಾತ್ರಿ?" ಎಂದೆ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಅವಂಗ ಮುಂಬಯಿದಾಗ ನೌಕರಿ ಸಿಕ್ಕೈತಿ, ದೂರ ಹೊಂಟಾನಂತ ಅಳಾಕತ್ತಾಳ" ಎಂದುಬಿಟ್ಟೆ. ಅಲ್ಲಿಂದ ವಾರವಾರವೂ ಸುಳ್ಳು. ಅವನ ಫೋಟೋಕ್ಕೆ ಹಾರ ಹಾಕಿದಾಗ, ಹುಟ್ಟಿದ ದಿನವಂತೆ ಎಂದೆ. ನೀನು ತಲೆಯಾಡಿಸಿದೆ. ಬರಬರುತ್ತ ನನಗೂ ಆ ಕತೆ ಹಿಡಿಸಿತು. ಅವನಿಗೆ ಬಡ್ತಿ ಕೊಡಿಸಿದೆ, ಇರಲು ಖೋಲಿ ಹುಡುಕಿಕೊಟ್ಟೆ, ಹುಬ್ಬಳ್ಳಿ ಕಡೆಯ ಒಂದು ಹುಡುಗಿಯನ್ನೂ ನೋಡಿಟ್ಟೆ.

ಮೊನ್ನೆ ಭಾನುವಾರ ಕೊನೆಯ ಕಂತು. ಪಕ್ಕದ ಮನೆಯ ಮುನಿನಾರಾಯಣಮ್ಮ ಇಡ್ಲಿ ತಂದವಳು ಬಾಗಿಲ ಬಳಿಯೇ ಕೂತು ನೋಡಿದಳು. ಆ ಮನೆಯ ಮಗಳ ಮದುವೆಯಾಯಿತು, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು, ಹೆಸರುಗಳು ಬರತೊಡಗಿದವು. ನಾನು ನಿನ್ನ ಜಾಗದ ಕಡೆ ತಿರುಗಿ "ನೋಡು, ಅವನೂ ಬಂದ" ಎಂದೆ. ಎಂದ ಮೇಲೆ ನೀನಿಲ್ಲದ್ದು ನೆನಪಾಯಿತು.

ಮುನಿನಾರಾಯಣಮ್ಮ ಇಡ್ಲಿಯ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ಆಮೇಲೆ ಹೇಳಿದಳು: "ಅಣ್ಣ, ಸಂಗಕ್ಕಂಗೆ ಆ ಹುಡ್ಗ ಸತ್ತಿದ್ದು ಮಾರ್ನೇ ದಿನಾನೇ ಗೊತ್ತಾಯ್ತು ಕಣಣ್ಣ. ನಮ್ಮನೇಲಿ ಬಾಡಿಗೆಗಿರೋ ಏರ್‌ಫೋರ್ಸ್‌ನೋರ ಎಂಡ್ತಿ ಕತೆ ಬಿಡಿಸಿ ಏಳಿದ್ಲು. ನಿಮ್ಗೆ ಏಳ್ಬೇಡ ಅಂದ್ರು ಸಂಗಕ್ಕ. ಆ ಹುಡ್ಗನ ಸುದ್ದಿ ಏಳೋವಾಗ ನಿಮ್ ದನಿ ಮೊದ್ಲಿನಂಗೆ ಆಯ್ತದೆ ಅಂದ್ರು."

ನಾನು ಟೀವಿ ಆರಿಸಿದೆ, ಮತ್ತೆ ಹಾಕಿದೆ, ಮತ್ತೆ ಆರಿಸಿದೆ. ಅವಳು ಯಾವಾಗ ಎದ್ದು ಹೋದಳೋ ಗೊತ್ತಾಗಲಿಲ್ಲ. ಎಲ್ಲ ಗೊತ್ತಿದ್ದೂ ನೀನು ಆ ಪ್ರಶ್ನೆ ಬರೆದಿದ್ದೀಯ. ಹುಡುಗ ಬರಲಿಲ್ಲ, ಸಂಗವ್ವಾ.

ರತ್ನವ್ವನಿಗೂ ಕೂಸಿಗೂ ನನ್ನ ಆಶೀರ್ವಾದ ಮುಟ್ಟಿಸು. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಇಂತು ನಿನ್ನ
ಮಹಾಲಿಂಗಪ್ಪ

ವಿ.ಸೂ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಆ ದಿನ ವೀರಬಸು ಯಾರಿಗೂ ಹೇಳದೆ ಅಲ್ಲಾಳಸಂದ್ರದ ಕೆರೆಗೆ ಈಜಲು ಹೋದ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅವನು ನನ್ನನ್ನು ಕೇಳಿದ್ದ. ನಾನು ಪೇಪರಿನಿಂದ ತಲೆ ಎತ್ತದೆ "ಹೋಗಿ ಬಾ" ಅಂದಿದ್ದೆ. ಶನಿವಾರದ ಗಾಡಿಗೆ ಹೊರಟು ಭಾನುವಾರ ಬೆಳಿಗ್ಗೆ ಅಲ್ಲಿರುತ್ತೇನೆ. ಏನು ಬೇಕಾದರೂ ಅನ್ನು, ಸುಮ್ಮನೆ ಮಾತ್ರ ಇರಬೇಡ.