ಪಕ್ಕದ ಸ್ಟೇಷನ್ನಿನ ನಂಬರು

ಶಿಕಾರಿಪುರ
೧೦ ಜೂನ್ ೨೦೨೪

ಮಗಳು ಗಂಗಾಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ಕಾಗದ ಕಂಡು ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿನಲ್ಲಿ ಕೇಳಿದರೆ ‘ಯವ್ವಾ, ಗಾಡಿ ಬಂತು, ಇಡ್ತೀನಿ’ ಅಂತೀಯ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ.

ಹೋದ ತಿಂಗಳು ನೀನು ಮಾಸ್ತರಾಗಿರುವ ಸ್ಟೇಷನ್ನಿಗೆ ಬಂದು ಎರಡು ದಿನ ಇದ್ದೆನಲ್ಲ, ಆಗಿನಿಂದ ನನಗೆ ನೆಮ್ಮದಿಯಿಲ್ಲ. ಗಾಡಿ ಬಿಡುವ ಮುಂಚೆ ನೀನು ಪಕ್ಕದ ಸ್ಟೇಷನ್ನಿಗೆ ಫೋನ್ ಮಾಡುತ್ತೀಯ. ಅಲ್ಲಿಯ ಮಾಸ್ತರ ಯತೀಶ ಒಂದು ನಂಬರು ಹೇಳುತ್ತಾನೆ. ನೀನು ಅದನ್ನೇ ತಿರುಗಿ ಹೇಳಿ ರಿಜಿಸ್ಟರಿನಲ್ಲಿ ಬರೆಯುತ್ತೀಯ. ಇದೇನೇ ಗುಟ್ಟಿನ ಮಾತು ಅಂದರೆ, ದಾರಿ ಖಾಲಿ ಇದೆ ಅನ್ನುವುದಕ್ಕೆ ಸಾಕ್ಷಿ, ರೈಲ್ವೆ ರೂಲು ಅಂದೆ. ಇರಲಿ. ನಂಬರು ಬರೆದುಕೊಳ್ಳುವಾಗ ನಗಬೇಕು ಅಂತಲೂ ರೂಲಿದೆಯೇ? ‘ಅವ್ರ ಮುಖಾನೇ ನೋಡಿಲ್ಲಬೇ’ ಅಂತ ಬೇರೆ ಹೇಳಿದೆ. ಕೇಳದೇ ಇದ್ದುದಕ್ಕೆ ಯಾಕೆ ಉತ್ತರ ಕೊಟ್ಟೆ?

ಮೊನ್ನೆ ನಾನು ನಿನ್ನ ಚಿಕ್ಕಮ್ಮನ ಮನೆಗೆ ಅಂತ ಹೊರಟವಳು ನೇರ ಅವನ ಸ್ಟೇಷನ್ನಿಗೇ ಹೋದೆ. ಗಾಡಿಯ ಟೈಮ್ ಕೇಳುವ ನೆಪದಲ್ಲಿ ಕಿಟಕಿಯ ಹತ್ತಿರ ನಿಂತೆ. ಫೋನ್ ರಿಂಗಾಯಿತು. ಹುಡುಗ ಮೊದಲು ಕೂದಲು ಸರಿಮಾಡಿಕೊಂಡ, ಆಮೇಲೆ ಎತ್ತಿದ. ಫೋನಿನಲ್ಲಿ ಯಾರಿಗೆ ಕಾಣುತ್ತದೆ ಕೂದಲು? ‘ಗಂಗಾಶ್ರೀ ಅವ್ರೇ’ ಅಂದ, ನಂಬರು ಹೇಳಿದ, ‘ಊಟ ಆಯ್ತಾ?’ ಅಂತ ಕೇಳಿದ. ಊಟವನ್ನೂ ರಿಜಿಸ್ಟರಿನಲ್ಲಿ ಬರೆಯುತ್ತೀರೇನು?

ಇದೇ ಇಪ್ಪತ್ತಮೂರಕ್ಕೆ ಸೊರಬದ ಗೊಬ್ಬರದಂಗಡಿಯವರು ನಿನ್ನನ್ನು ನೋಡಲು ಬರುವವರಿದ್ದಾರೆ. ನಿಮ್ಮಪ್ಪ ಆಗಲೇ ಮನಸ್ಸಿನಲ್ಲಿ ಮದುವೆ ಮುಗಿಸಿಬಿಟ್ಟಿದ್ದಾರೆ. ಅವರ ಮುಂದೆ ತಲೆತಗ್ಗಿಸಿ ಕೂತು ನೀನು ಹೂಂ ಅಂದುಬಿಟ್ಟರೆ ಏನು ಗತಿ? ಮನಸ್ಸು ಒಂದು ಕಡೆ, ಸಂಸಾರ ಇನ್ನೊಂದು ಕಡೆ ಅಂತ ನೀನು ಬದುಕುವುದನ್ನು ನನ್ನಿಂದ ನೋಡಲಾಗದು. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಭಯವಿದೆ. ನಿಜ ಬರೆದು ಕಳಿಸು.

ಇಂತಿ ನಿನ್ನ ಅವ್ವ,
ಬಸವಣ್ಣೆಮ್ಮ

ತಾ.ಕ.: ನೀನೇನೂ ಬರೆಯುವುದು ಬೇಡ. ಅವನ ಮೇಜಿನ ಮೇಲೆ ನಮ್ಮನೆಯ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಒಡಹುಟ್ಟಿದ ತಮ್ಮನಿಗೂ ಒಂದು ಚಮಚ ಕೊಡದವಳು ನೀನು. ಸೊರಬದವರಿಗೆ ಬರುವುದು ಬೇಡ ಎಂದು ನಾನೇ ಫೋನ್ ಮಾಡಿ ಹೇಳಿದ್ದೇನೆ. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ, ಗೊತ್ತಾದಾಗ ಮನೆ ಸೂರು ಹಾರುತ್ತದೆ. ಇಪ್ಪತ್ತಮೂರಕ್ಕೆ ಯತೀಶನನ್ನೂ ಕರೆದುಕೊಂಡು ಬಾ. ಬಾಗಿಲು ತೆಗೆಯುವವಳು ನಾನೇ.