ನಿನ್ನ ದೊಡ್ಡ ಕಾರಿನ ಕೊನೆಯ ವರ್ಷ

ಅಣ್ಣಾ,

ನಿನ್ನ ಕಾರು ಈಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡುತ್ತ ಕೂತುಬಿಡುತ್ತೇನೆ. ಬೈಯುವುದಾದರೆ ನನ್ನನ್ನು ಬೈಯಿ, ಅತ್ತಿಗೆಯನ್ನಲ್ಲ. ಅದೂ ಪೂರ್ತಿ ಕೇಳಿಸಿಕೊಂಡ ಮೇಲೆ.

ನಾನು ಈ ದೇಶಕ್ಕೆ ಬಂದಿಳಿದ ದಿನ ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ನೀನು ಅದೇ ಕಾರನ್ನು ತಂದಿದ್ದೆ. ಆಗಿನ್ನೂ ಹೊಸದು, ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಇಲ್ಲಿಯವರು ಇಂಥ ಸೆಡಾನ್‌ಗೆ ಸಲೂನ್ ಅನ್ನುತ್ತಾರೆ, ಬೇಕಿದ್ದರೆ ಒಳಗೇ ಕಟಿಂಗ್ ಮಾಡಿಸಿಕೊಳ್ಳಬಹುದು ಎಂದು ನಗಿಸಿದ್ದೆ. ಸೀಟು ಬೆಚ್ಚಗಾಗುವ ಕಾರನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪ ಇದ್ದಿದ್ದರೆ ಒಂದು ಸಲ ಕೂರಿಸಬಹುದಿತ್ತು ಎಂದೆ. ಅಂಥ ಕಾರನ್ನು ಗುಜರಿಗೆ ಹಾಕು ಎಂದರೆ ಹೇಗೆ ಹಾಕಲಿ?

ನೀನು ಹೋದ ಮೇಲೆ ಅದು ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿನ ನಿಮ್ಮ ಮನೆ ಮುಂದೆ ನಿಂತೇ ಇತ್ತು. ಒಂದು ದಿನ ಸ್ಟಾರ್ಟ್ ಮಾಡಲು ಹೋದೆ, ಟಿಕ್ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಅತ್ತಿಗೆ ಕಿಟಕಿಯಿಂದ ನೋಡುತ್ತಿದ್ದರು. ಅವರ ಮುಖ ನೋಡಿ ನಾನೇ ಏನೇನೋ ಅಂದುಕೊಂಡೆ. ನಿನ್ನದು ಅಂತ ಉಳಿದಿರುವುದು ಇದೊಂದೇ, ಇದನ್ನೂ ಸಾಯಲು ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಆಮೇಲೆ ಶನಿವಾರ ಬಂತೆಂದರೆ ನಮ್ಮೂರು ಸ್ಟಾಕ್‌ಪೋರ್ಟಿನಿಂದ ರೈಲು ಹತ್ತುವುದೇ ಕೆಲಸವಾಯಿತು. ಹೊಸ ಬ್ಯಾಟರಿ ಹಾಕಿಸಿದೆ. ಮುಂದಿನ ಚಕ್ರಗಳ ಕಡೆಯಿಂದ ಟಕಟಕ ಸದ್ದು ಶುರುವಾಯಿತು. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಹೋಗಿವೆ ಎಂದರು. ಅದನ್ನು ಸರಿಮಾಡಿಸುವಷ್ಟರಲ್ಲಿ ಸನ್‌ರೂಫಿನ ನೀರು ಹೋಗುವ ಕೊಳವೆ ಕಟ್ಟಿಕೊಂಡು ಒಳಗಿನ ಕಾರ್ಪೆಟ್ ಒದ್ದೆ, ವಾಸನೆ ಬೇರೆ. ವರ್ಷಕ್ಕೊಮ್ಮೆ ಗಾಡಿಗೆ ಮಾಡಿಸಬೇಕಾದ ಎಂಒಟಿ ಪರೀಕ್ಷೆಯಲ್ಲಿ ಹಿಂದಿನ ಸ್ಪ್ರಿಂಗ್ ಮುರಿದಿದೆ ಎಂದು ಫೇಲಾಯಿತು. ಗೇರು ಬದಲಾಗುವಾಗೆಲ್ಲ ಯಾರೋ ಹಿಂದಿನಿಂದ ದೂಡಿದ ಹಾಗೆ ಜರ್ಕು. ಇನ್ಶೂರೆನ್ಸ್ ಏರಿತು, ರೋಡ್ ಟ್ಯಾಕ್ಸ್ ಅಂತೂ ಈ ಗಾತ್ರದ ಎಂಜಿನ್ನಿಗೆ ಮೊದಲೇ ಜಾಸ್ತಿ. ಬರ್ಮಿಂಗ್‌ಹ್ಯಾಮಿನ ನಡು ಊರಿಗೆ ಹೋದರೆ ಹಳೆ ಡೀಸೆಲ್ ಗಾಡಿ ಅಂತ ದಿನಕ್ಕಿಷ್ಟು ಕಟ್ಟಬೇಕು. ನನ್ನವರು, ಪ್ರಕಾಶ್, ಒಂದು ದಿನವೂ ಲೆಕ್ಕ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಇನ್ನೊಂದು ಕೇಳು. ಗಾಡಿಯನ್ನು ಊರೊಳಗೇ ಓಡಿಸಿದರೆ ಹೊಗೆಯ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಆಗಾಗ ದೊಡ್ಡ ರಸ್ತೆಯಲ್ಲಿ ಜೋರಾಗಿ ಓಡಿಸಿ ಎಂದರು ಗ್ಯಾರೇಜಿನವರು. ಹಾಗಾಗಿ ಎಲ್ಲಿಗೂ ಹೋಗುವುದಿಲ್ಲದಿದ್ದರೂ ನಾನು ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿ ಹಿಡಿಯುತ್ತಿದ್ದೆ. ಅಷ್ಟು ದೂರ ಹೋಗುವುದು, ತಿರುಗಿ ಬರುವುದು. ಅವರು ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದರು. ನಿನ್ನ ನೆನಪಿನಲ್ಲಿ ಮುಳುಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಲೀಡ್ಸ್‌ನಲ್ಲಿರುವ ನಿನ್ನ ಮಗಳು ಅನಘಾ ಫೋನಿನಲ್ಲಿ, "ಇಟ್ಸ್ ಜಸ್ಟ್ ಎ ಕಾರ್, ಅತ್ತೆ" ಅಂದಳು. ಇಲ್ಲಿ ಹುಟ್ಟಿದವಳಿಗೆ ಏನು ಗೊತ್ತು ಅಂದುಕೊಂಡೆ.

ಕಳೆದ ಬೇಸಿಗೆಯಲ್ಲಿ ಅತ್ತಿಗೆಯನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಎಂ-ಸಿಕ್ಸ್ ರಸ್ತೆಯಲ್ಲಿ ಸ್ಟೋಕ್ ದಾಟಿದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡನೋಡುತ್ತಿದ್ದಂತೆ ಕೆಂಪಿಗೆ ಹೋಯಿತು. ಬಾನೆಟ್ಟಿನಿಂದ ಬಿಳೀ ಹಬೆ. ಪುಣ್ಯಕ್ಕೆ ಕೆಟ್ಟ ಗಾಡಿ ನಿಲ್ಲಿಸುವ ಜಾಗ ಹತ್ತಿರದಲ್ಲೇ ಇತ್ತು. ಇಬ್ಬರೂ ಇಳಿದು, ತಡೆಗಂಬಿ ದಾಟಿ, ಹುಲ್ಲಿನ ದಿಬ್ಬದ ಮೇಲೆ ಕೂತೆವು. ಲಾರಿಗಳು ಹಾದುಹೋದಾಗೆಲ್ಲ ನಿನ್ನ ಕಾರು ನಿಂತಲ್ಲೇ ನಡುಗುತ್ತಿತ್ತು. ಈ ಸಲ ವಾಟರ್ ಪಂಪ್ ಇರಬೇಕು, ಬದಲಾಯಿಸಿದರೆ ಸರಿಹೋಗುತ್ತದೆ ಎಂದು ನಾನು ಸಮಾಧಾನ ಹೇಳುತ್ತಲೇ ಇದ್ದೆ. ಅತ್ತಿಗೆ ನನ್ನ ಕೈ ಹಿಡಿದರು.

"ಸುಮಾ, ಬೇಜಾರು ಮಾಡ್ಕೋಬೇಡ. ನಂಗೆ ಈ ಕಾರು ಬೇಡ."

"ರಿಪೇರಿ ಆಗತ್ತೆ ಅತ್ತಿಗೆ."

"ರಿಪೇರಿ ಆದ್ರೂ ಬೇಡ. ನಂಗ್ಯಾವತ್ತೂ ಬೇಕಿರ್ಲಿಲ್ಲ. ನೀನು ಅಷ್ಟು ದೂರದಿಂದ ಬಂದು ಬಂದು ಒದ್ದಾಡ್ತಿದ್ದೆ, ಅಣ್ಣನ ಕಾರು ನಿಂಗೆ ಬೇಕು ಅಂತ ಸುಮ್ನಿದ್ದೆ."

ನಾನು ನಿಮಗೋಸ್ಕರ ಅಲ್ಲವಾ ಮಾಡುತ್ತಿದ್ದದ್ದು, ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

ಮೈಸೂರಿನಲ್ಲಿ ಅತ್ತಿಗೆ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದಾಗ ತಮ್ಮ ತಂದೆಯ ಪುಟ್ಟ ಕಾರನ್ನು ತಾವೇ ಓಡಿಸುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಇಲ್ಲಿಯ ರೀತಿ ಕಲಿತು ಲೈಸೆನ್ಸ್ ತಗೊಳ್ಳುತ್ತೇನೆ ಎಂದರೆ, ನೀನು, "ನನ್ನ ಕಾರು ನಿನಗೆ ದೊಡ್ಡದಾಯಿತು, ಸ್ವಲ್ಪ ತಾಳು, ಚಿಕ್ಕದೊಂದು ತಗೊಳ್ಳೋಣ" ಅಂದೆಯಂತೆ. ಆಮೇಲೆ ನಿನ್ನ ಡಾಕ್ಟರ್ ಪರೀಕ್ಷೆ, ಆಸ್ಪತ್ರೆಯಲ್ಲಿ ನಿನ್ನ ಆನ್‌ಕಾಲ್ ಡ್ಯೂಟಿ, ಮನೆಯ ಮಾರ್ಟ್‌ಗೇಜ್ ಸಾಲ, ಅನಘಾಳ ಓದು. ತರಕಾರಿ ತರಲಿಕ್ಕೂ ನಿನ್ನ ಡ್ಯೂಟಿಯ ರೋಟಾ ನೋಡಿಕೊಂಡೇ ಹೊರಡಬೇಕಿತ್ತು ಎಂದರು. ದೂರುವ ದನಿಯಲ್ಲಿ ಅಲ್ಲ. ಆ ಕಡೆ ಹೊಲದಲ್ಲಿ ಮೇಯುತ್ತಿದ್ದ ಕುರಿಗಳನ್ನು ನೋಡುತ್ತ, ಬೇರೆ ಯಾರದೋ ಕಥೆ ಹೇಳುವ ಹಾಗೆ.

ಅವತ್ತು ನಿನ್ನ ಮೇಲೆ ಕೋಪ ಬಂತು ಅಣ್ಣ. ನೀನು ಹೋದ ಮೇಲೆ ಅದೇ ಮೊದಲು. ಯಾರಾದರೂ ವಿಮಾನ ಇಳಿದರೆ ಸಾಕು, ನೈಟ್ ಡ್ಯೂಟಿ ಮುಗಿಸಿ ಮಲಗದೆ ಓಡುತ್ತಿದ್ದವನು ನೀನು. ಪರಿಚಯವೇ ಇಲ್ಲದ ವಿದ್ಯಾರ್ಥಿಗಳ ಸಾಮಾನನ್ನೂ ಡಿಕ್ಕಿ ತುಂಬಿ ತರುತ್ತಿದ್ದೆ. ಅಂಥವನಿಗೆ ಪಕ್ಕದ ಸೀಟಿನಲ್ಲಿ ಕೂತವರು ಮಾತ್ರ... ನಿನಗೆ ಕಾಣಲಿಲ್ಲವಾ? ಅಥವಾ ಕಂಡೂ, ಮುಂದಿನ ವರ್ಷ ನೋಡೋಣ ಅಂತ... ಕೋಪ ಮಾಡಿಕೊಳ್ಳೋಣ ಎಂದರೆ ಎದುರಿಗೆ ನೀನಿಲ್ಲ. ಕಾರಿನ ಚಕ್ರಕ್ಕೆ ಒದೆಯುವಷ್ಟು ಸಿಟ್ಟಾಯಿತು, ಕಾಲು ಏಳಲಿಲ್ಲ.

ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಮಾಡಿಸುವ ಖರ್ಚಿನ ಅರ್ಧವೂ ಆ ಕಾರಿಗೆ ಬೆಲೆ ಇಲ್ಲ ಎಂದರು. ಸಟನ್‌ಗೆ ಎಳೆಸಿ ತಂದು ನಿಲ್ಲಿಸಿದೆವು. ಗುಜರಿಯವರು ಬರುವ ದಿನ ನಾನು ನನ್ನ ಆಫೀಸಿಗೆ ರಜೆ ಹಾಕಿ ಹೋದೆ. ಲಾರಿಯ ಮೇಲೆ ಎಳೆಯುವಾಗ ಅದು ಒಂದು ಸಲ ನರಳಿತು. ನಾನು ಅತ್ತೆ. ಅತ್ತಿಗೆ ಅಳಲಿಲ್ಲ, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಸಿನೀರಿನ ಬಕೆಟ್ಟು, ಬಟ್ಟೆ ಸೋಪಿನ ಪುಡಿ, ಬ್ರಷ್ಷು ಹಿಡಿದು ಬಂದರು. ಕಾರು ನಿಲ್ಲುತ್ತಿದ್ದ ಜಾಗದ ಎಣ್ಣೆ ಕಲೆಯನ್ನು ಕೂತು ಉಜ್ಜತೊಡಗಿದರು. ಬಿಡಿ ಅತ್ತಿಗೆ ಎಂದರೆ ಬಿಡಲಿಲ್ಲ. ಉಜ್ಜುತ್ತ ಉಜ್ಜುತ್ತ ಅವರ ಹೆಗಲು ಅಲುಗತೊಡಗಿತು. ನಾನೂ ಒಂದು ಬ್ರಷ್ಷು ತಂದು ಪಕ್ಕದಲ್ಲಿ ಕೂತೆ. ಕಲೆ ಪೂರ್ತಿ ಹೋಗಲಿಲ್ಲ.

ಚಳಿಗಾಲವಿಡೀ ಅವರು ಡ್ರೈವಿಂಗ್ ಕಲಿತರು. ಮೊದಲ ಸಲ ರೌಂಡಬೌಟಿನಲ್ಲಿ ಹಿಂದಿನವರು ಹಾರ್ನ್ ಮಾಡುವವರೆಗೆ ನಿಂತು ಫೇಲಾದರು. ಮೂರು ದಿನ ಫೋನೆತ್ತಲಿಲ್ಲ. ಎರಡನೇ ಸಲ ಪಾಸಾದರು. ಹಳೆಯದೇ ಆದರೂ ಸುಸ್ಥಿತಿಯ ಒಂದು ಪುಟ್ಟ ಪೆಟ್ರೋಲ್ ಕಾರು ಕೊಂಡಿದ್ದಾರೆ. ನಿನ್ನ ಕಾರು ಕುಡಿಯುತ್ತಿದ್ದುದರ ಅರ್ಧ ಕುಡಿಯುತ್ತದೆ.

ಇವತ್ತು ಭಾನುವಾರ. ಅತ್ತಿಗೆ ಮೊದಲ ಸಲ ಒಬ್ಬರೇ ಮೋಟರ್‌ವೇ ಹಿಡಿದು ನಮ್ಮ ಮನೆಗೆ ಊಟಕ್ಕೆ ಹೊರಟಿದ್ದಾರೆ. ಹನ್ನೊಂದಕ್ಕೆಲ್ಲ ಬರಬೇಕಿತ್ತು. ಹನ್ನೆರಡಾಯಿತು. ಓಡಿಸುವವರಿಗೆ ಫೋನ್ ಮಾಡುವ ಹಾಗೂ ಇಲ್ಲ. ಬಾಗಿಲಿಗೂ ಕಿಟಕಿಗೂ ತಿರುಗಿ ಸಾಕಾಗಿ, ಕೈಗೆ ಏನಾದರೂ ಕೆಲಸ ಬೇಕೆಂದು ನಿನಗೆ ಬರೆಯಲು ಕೂತೆ. ಎರಡು ಸಲ ಟ್ರಾಫಿಕ್ ಸುದ್ದಿ ನೋಡಿದೆ. ಅನಘಾಳಿಗೆ ಫೋನ್ ಮಾಡಿ ಎಬ್ಬಿಸಿ ಬೈಸಿಕೊಂಡೆ. ಕೂತ್ಕೋ ಮಾರಾಯ್ತಿ ಎಂದು ಪ್ರಕಾಶ್ ಹೇಳುತ್ತಲೇ ಇದ್ದಾರೆ. ಒಂದುವೇಳೆ ಏನಾದರೂ...

ಅಣ್ಣ, ಈಗ ತಾನೇ ಫೋನ್ ಬಂತು. ಲ್ಯಾಂಕಾಸ್ಟರ್ ಹತ್ತಿರ ಹೆದ್ದಾರಿ ಬದಿಯ ಸರ್ವೀಸಸ್ ತಂಗುದಾಣದಿಂದ! ನಮ್ಮೂರಿನ ತಿರುವು ದಾಟಿ ಎಷ್ಟೋ ದೂರ. ದಾರಿ ತಪ್ಪಿತಾ, ಹೆದರಬೇಡಿ, ನಾವು ಬರುತ್ತೇವೆ ಎಂದೆ.

"ತಪ್ಪಿಲ್ಲ ಕಣೆ, ಬೋರ್ಡು ಕಾಣಿಸ್ತು," ಅಂದರು. "ಇನ್ನೂ ಸ್ವಲ್ಪ ದೂರ ಓಡಿಸೋಣ ಅನ್ನಿಸ್ತು. ಹಾಗೇ ಬಂದ್ಬಿಟ್ಟೆ. ಕಾಫಿ ಕುಡೀತಿದೀನಿ, ಚೆನ್ನಾಗಿಲ್ಲ. ನೀವಿಬ್ರೂ ಊಟ ಮಾಡಿ."

ಅವರ ಪಾಲಿನ ಹುಳಿ, ಪಲ್ಯ ಎತ್ತಿಟ್ಟಿದ್ದೇನೆ.

ನಿನ್ನ ತಂಗಿ,
ಸುಮಾ