ದಾರಿಯಲ್ಲಿ ಹೋದ ಹದಿನೆಂಟು ನಿಮಿಷ

3 ನವೆಂಬರ್ 2024, ಭಾನುವಾರ. ಸಂಜೆ 6
ಕಾರಿನ ಹಳೇ ಥ್ರಾಟಲ್ ಬಾಡಿ, ಇಂಜಿನ್ನಿಗೆ ಗಾಳಿ ಬಿಡುವ ಬಾಯಿ, ಬಿಚ್ಚಿದೆ. ನಾಲ್ಕು ಬೋಲ್ಟ್. ಒಂದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಕಲಬುರಗಿ ಗುಜರಿಯಿಂದ ತಂದದ್ದು ದೊಡ್ಡ ಇಂಜಿನ್ನಿನದು — ಬಾಯಿ ಹಳೆಯದಕ್ಕಿಂತ ಎಂಟು ಮಿಲಿಮೀಟರ್ ಅಗಲ. ಹೆಚ್ಚು ಗಾಳಿ ಒಳಗೆ ಹೋದರೆ, ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಕಾರು ಜಿಗಿಯಬೇಕು.

ಯಾಕೆ ಜಿಗಿಯಬೇಕು ಎಂದು ಕೇಳುವವರು ಮನೆಯಲ್ಲಿ ಇಲ್ಲ. ಹೆಂಡತಿ ಪೂನಮ್ ಬಿಟ್ಟು ಹೋಗಿ ಎರಡು ವರ್ಷ. ಕೋರ್ಟಿನ ಕಾಗದವೂ ಬಂದಾಯಿತು. "ಕಾರಿನ ಜೋಡಿ ಮಾತಾಡ್ತಿ, ನನ್ನ ಜೋಡಿ ಆಡಂಗಿಲ್ಲ" ಅನ್ನುತ್ತಿದ್ದಳು. ಸುಳ್ಳಲ್ಲ.

ಎದುರು ಮನೆಯ ಗುಲಾಮ್ ರಸೂಲ್ ಚಾಚಾ ಬಂದು ಕಟ್ಟೆಯ ಮೇಲೆ ಕುಳಿತರು. ಟೈಲರ್ ಆಗಿದ್ದವರು, ಈಗ ಕಣ್ಣು ಮಂದ. ಅವರೂ ಒಬ್ಬರೇ. ಮಗಳು ಲತೀಫಾ ಚಿತ್ತಾಪುರದಲ್ಲಿ.

"ಇದೇನ್ ಬೇಟಾ, ಛಲೋ ಗಾಡಿ ಬಿಚ್ಚಿ ಹಾಕೀದಿ?"

"ಇನ್ನಾ ಛಲೋ ಮಾಡಾಕತ್ತೀನ್ರಿ ಚಾಚಾ."

"ನಾನೂ ಹಿಂಗೇ ಒಂದು ಶೇರ್ವಾನಿ ಕೆಡಿಸಿದ್ದೆ."

ಇಬ್ಬರೂ ನಕ್ಕೆವು. ಇಡೀ ವಾರದಲ್ಲಿ ಡ್ಯೂಟಿ ಬಿಟ್ಟು ಬೇರೆ ಮಾತಾಡಿದ್ದು ಇವತ್ತೇ.

10 ನವೆಂಬರ್, ಭಾನುವಾರ
ಏರ್‌ಫ್ಲೋ ಸೆನ್ಸರ್ ಹೊಸ ಬಾಯಿಗೆ ಜೋಡಿಸಿದ ದೊಡ್ಡ ಪೈಪಿಗೆ ಕೂರಿಸಿದೆ. ಒಳಗೆ ಹೋಗುವ ಗಾಳಿ ಅಳೆದು ಕಾರಿನ ಕಂಪ್ಯೂಟರಿಗೆ ಹೇಳುವುದು ಅದೇ. ತೂತು ಕೊರೆದು ಸೀಲ್ ಮಾಡಿದೆ. ಸ್ಟಾರ್ಟ್ — ಹಿಡಿಯಿತು!

ಚಾಚಾನನ್ನು ಕೂರಿಸಿಕೊಂಡು ವಾಡಿ ರಸ್ತೆಗೆ. "ಹವಾಯಿ ಜಹಾಜ್ ಆಗ್ಯಾದಲ್ಲೋ!" ಮಗುವಿನ ಹಾಗೆ ಡ್ಯಾಶ್‌ಬೋರ್ಡ್ ತಟ್ಟಿದರು.

ವಾಪಸ್ ಬರುವಾಗ, ನಿಧಾನ ಮಾಡಿದಾಗ, ಎರಡು ಸಲ ಆಫ್ ಆಯಿತು. ಪೈಪು ಅಗಲವಾಗಿದೆ, ಸೆನ್ಸರ್ ಗಾಳಿ ಕಡಿಮೆ ಎಂದು ಓದುತ್ತಿದೆ. ಪೆಟ್ರೋಲ್ ಸಾಲುತ್ತಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಇದು, ಮೀಟರು ತಪ್ಪು ಹೇಳದಂತೆ ನೋಡುವುದು. ಗೊತ್ತಿದ್ದೂ ಬಾನೆಟ್ ಮುಚ್ಚಿದೆ. ಮುಂದಿನ ವಾರ ನೋಡೋಣ...

19 ನವೆಂಬರ್, ಮಂಗಳವಾರ
ಎರಡು ದಿನ ಬರೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಚಾಚಾ ಬಾಗಿಲಿಗೆ ಬಂದರು. ಅಂಗಿ ಪೂರ್ತಿ ಬೆವರು. "ಎದಿ ಹಿಡದಂಗ ಆಗ್ಯಾದ ಬೇಟಾ." ನಮ್ಮ ಶಹಾಬಾದಿನ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಕೂಡಲೇ ಕಲಬುರಗಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಅರ್ಧ ತಾಸು ಕಾಯಬೇಕು.

"ನಿನ್ನ ಗಾಡಿ ಅದಲಾ," ಎಂದರು ಚಾಚಾ.

ಅರ್ಧ ದಾರಿ. ಮುಂದೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಲಾರಿ. ಕಾಲು ತೆಗೆದೆ — ಇಂಜಿನ್ ಆಫ್. ಕೀ ತಿರುಗಿಸಿದರೆ ಹಿಡಿಯುತ್ತದೆ, ಸಾಯುತ್ತದೆ. ಆರು ಸಲ. ಏಳು ಸಲ. ರಸ್ತೆಗಿಳಿದು ಕೈ ಮಾಡಿದೆ. ಯಾರೂ ನಿಲ್ಲಿಸಲಿಲ್ಲ.

"ಏನಾಯ್ತೋ?" ಹಿಂದಿನ ಸೀಟಿನಿಂದ.

"ಏನಿಲ್ರಿ ಚಾಚಾ. ಹೊಂಟೆವು."

ಬಾನೆಟ್ ಎತ್ತಿದೆ. ತಲೆ ಓಡಲೇ ಇಲ್ಲ. ಕೊನೆಗೆ ಹೊಳೆಯಿತು. ಸೆನ್ಸರಿನ ವೈರೇ ಕಿತ್ತೆ. ಅದು ಇಲ್ಲದಿದ್ದರೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಕಾರು ಅದುರುತ್ತ, ಕರೀ ಹೊಗೆ ಬಿಡುತ್ತ ಹೊರಟಿತು. ಹದಿನೆಂಟು ನಿಮಿಷ ಹೋಗಿತ್ತು.

ಜೀವ ಉಳಿಯಿತು. ಕಲಬುರಗಿಯ ಡಾಕ್ಟರ್ ಮಾತ್ರ, "ಇನ್ನಾ ಸ್ವಲ್ಪ ಜಲ್ದಿ ತಂದಿದ್ರ ಹೃದಯಕ್ಕ ಇಷ್ಟು ಪೆಟ್ಟು ಬೀಳ್ತಿದ್ದಿಲ್ಲ" ಎಂದರು.

ಲತೀಫಾ ಓಡಿಬಂದಳು. ನನ್ನ ಎರಡೂ ಕೈ ಹಿಡಿದು ಅತ್ತಳು. "ಕಪಿಲಣ್ಣಾ, ನೀವ್ ಇದ್ದದ್ದಕ್ಕ ಅಬ್ಬಾ ಉಳದಾರ."

ಔಷಧ ತರುತ್ತೇನೆಂದು ಹೊರಗೆ ಬಂದೆ.

24 ನವೆಂಬರ್, ಭಾನುವಾರ
ಚಾಚಾನನ್ನು ಚಿತ್ತಾಪುರಕ್ಕೆ ಕರೆದೊಯ್ದರು. ಎದುರು ಮನೆಗೆ ಬೀಗ.

ಓಣಿಯವರೆಲ್ಲ ಹೊಗಳುತ್ತಾರೆ. ಅಂಗಡಿಯ ಬಂದೇನವಾಜ್ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. "ಪುಣ್ಯಾದ ಕೆಲಸ ಮಾಡೀರಿ." ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಎಲ್ಲ ಬಿಚ್ಚಿ ಹಳೇ ಥ್ರಾಟಲ್ ಬಾಡಿ, ಹಳೇ ಪೈಪು, ಅದರಲ್ಲೇ ಸೆನ್ಸರ್ — ಮೊದಲಿದ್ದ ಹಾಗೆಯೇ ಕೂರಿಸಿದೆ. ಇಡೀ ದಿನ ಹಿಡಿಯಿತು. ಒಂದು ಸಲ ಮಾತಾಡಲು ತಲೆ ಎತ್ತಿದೆ. ಕಟ್ಟೆ ಖಾಲಿ.

1 ಡಿಸೆಂಬರ್, ಭಾನುವಾರ
ಬಸ್ಸಿನಲ್ಲಿ ಚಿತ್ತಾಪುರಕ್ಕೆ ಹೋದೆ. ಚಾಚಾ ಮಂಚದ ಮೇಲೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಲತೀಫಾ ಚಹಾ ತಂದಳು. ಕಪ್ಪು ಮುಟ್ಟುವ ಮೊದಲೇ ಹೇಳಿಬಿಟ್ಟೆ. ಪೈಪು, ಸೆನ್ಸರು, ಮೊದಲೇ ಗೊತ್ತಿದ್ದದ್ದು, ಎಲ್ಲ.

"ಅಂದ್ರ ಕೆಡಿಸಿದವರು ನೀವ ಏನು?" ಲತೀಫಾ ಕೇಳಿದಳು.

"ಹೌದು."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಚಾಚಾ ಗೋಡೆಯ ಕಡೆ ಹೊರಳಿದರು. ಆ ಕಡೆ ನೋಡುತ್ತಲೇ, "ನಾ ಕೇಳಿದಾಗ ಏನಿಲ್ಲ ಅಂದ್ಯಲ್ಲೋ. ಸಾಯೋ ಮನಷ್ಯಾಗ ಸುಳ್ಳು ಹೇಳ್ದಿ" ಎಂದರು.

ಅಷ್ಟೇ. ಚಪ್ಪಲಿ ಹಾಕಿಕೊಂಡು ಬಂದೆ.

29 ಡಿಸೆಂಬರ್
ಡ್ಯೂಟಿ. ಮನೆ. ಡ್ಯೂಟಿ. ನಾಲ್ಕು ಭಾನುವಾರ ಕಾರಿನ ಹತ್ತಿರ ಹೋಗಲಿಲ್ಲ. ಓಣಿಗೂ ಸುದ್ದಿ ತಿಳಿದಿದೆ. ಈಗ ಯಾರೂ ಹೊಗಳುವುದಿಲ್ಲ. ಅದೊಂದು ಹಗುರ.

5 ಜನವರಿ 2025, ಭಾನುವಾರ. ಸಂಜೆ 7
ಮಧ್ಯಾಹ್ನ ಲತೀಫಾಳ ಫೋನ್.

"ಗುರುವಾರ ಅಬ್ಬಾನ ಕಲಬುರ್ಗಿಗಿ ಒಯ್ಯಬೇಕು, ಚೆಕಪ್ಪಿಗಿ. ಬಾಡಿಗಿ ಗಾಡಿ ಮಾತಾಡಿದ್ದೆ. ಅದು ಬ್ಯಾಡ ಅಂತಾರ, ನಿಮ್ದೇ ಬೇಕಂತ. ನನಗ ಇನ್ನಾ ಸಿಟ್ಟದ ಅಣ್ಣಾ. ಆದ್ರ ಅವರು ಕೇಳವಲ್ರು."

ಅಷ್ಟರಲ್ಲಿ ಫೋನ್ ಚಾಚಾನ ಕೈಗೆ ಹೋಯಿತು. ಉಸಿರು ಮೊದಲು ಕೇಳಿಸಿತು.

"ಕಪಿಲ್? ಗಾಡಿ ನಿಂತ್ರ ಈ ಸಲಾ ಖರೇ ಹೇಳಬೇಕು ನೋಡು."

"ಹೇಳ್ತೀನ್ರಿ ಚಾಚಾ."

ಆಮೇಲೆ ಬಾನೆಟ್ ತೆಗೆದೆ. ಬ್ಯಾಟರಿ ಇಳಿದಿತ್ತು, ಚಾರ್ಜಿಗಿಟ್ಟೆ. ಸೇಡಂ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿ ಬಂದೆ. ಬೇಕಂತಲೇ ನಿಧಾನ ಮಾಡಿದೆ, ಲಾರಿಗಳ ಹಿಂದೆ ಹೋದೆ. ಎಲ್ಲೂ ನಿಲ್ಲಲಿಲ್ಲ. ಬುಧವಾರ ಮತ್ತೊಮ್ಮೆ ನೋಡಬೇಕು. ಗುರುವಾರಕ್ಕೆ ರಜಾ ಅರ್ಜಿ. ಹಿಂದಿನ ಸೀಟು ಒರೆಸಿ, ಚಾಚಾನ ಬೆನ್ನಿಗೆ ಒಂದು ದಿಂಬು ಇಡಬೇಕು.